ಸೊಪ್ಪಿನಲ್ಲಿ ಸೀಸ, ಹುಣಸೆಯಲ್ಲಿ ಪಾಠ

ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಾಗಲಿ, ಬಿಟಿಎಂ ಲೇಔಟಿನ ಬೀದಿಗೆ ಬರುವ ತಳ್ಳುಗಾಡಿಯಲ್ಲಾಗಲಿ ಸೊಪ್ಪು ಕೊಳ್ಳುವಾಗ ನೀವು ಏನನ್ನು ನೋಡುತ್ತೀರಿ? ಎಲೆ ಬಾಡಿದೆಯೇ, ಹುಳು ತಿಂದಿದೆಯೇ, ಕಟ್ಟು ಸಣ್ಣದಾಯಿತೇ ಎಂದು ನೋಡುತ್ತೀರಿ. ಮನೆಗೆ ತಂದು ಎರಡು ಮೂರು ನೀರಿನಲ್ಲಿ ತೊಳೆಯುತ್ತೀರಿ. ಉಪ್ಪು ನೀರಿನಲ್ಲಿ ನೆನೆಸಿಡುವವರೂ ಇದ್ದಾರೆ. ಇದೆಲ್ಲ ಒಳ್ಳೆಯ ಅಭ್ಯಾಸವೇ. ಮಣ್ಣು ಹೋಗುತ್ತದೆ, ಹುಳು ಹೋಗುತ್ತದೆ, ಮೇಲೆ ಸಿಂಪಡಿಸಿದ ಔಷಧಿಯೂ ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಆದರೆ ಬೇರಿನ ಮೂಲಕ ಗಿಡದೊಳಗೆ ಸೇರಿ ಎಲೆಯಲ್ಲಿ ಕುಳಿತದ್ದು ಎಷ್ಟು ತೊಳೆದರೂ ಹೋಗುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ.

ಹಾಗೆ ಕುಳಿತುಕೊಳ್ಳುವ ವಸ್ತುಗಳಿಗೆ ಭಾರಲೋಹಗಳು ಎಂದು ಹೆಸರು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಪಾದರಸ ಮುಂತಾದವು ಈ ಗುಂಪಿಗೆ ಸೇರಿದವು. ಜೆಪಿ ನಗರ ಐದನೇ ಹಂತದ ದೊರೆಸಾನಿಪಾಳ್ಯದ ಕಾಡಿನ ಆವರಣದಲ್ಲಿ ಸರಕಾರದ ಒಂದು ಸಂಸ್ಥೆಯಿದೆ. ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ಎಂಬುದು ಅದರ ಪೂರ್ತಿ ಹೆಸರು. ಎಂಪ್ರಿ ಎಂದು ಕರೆಯುತ್ತಾರೆ. ಈ ಸಂಸ್ಥೆಯವರು ಬೆಂಗಳೂರಿನ ಅಂಗಡಿಗಳಿಂದ 10 ಬಗೆಯ ತರಕಾರಿಗಳ 400 ಮಾದರಿಗಳನ್ನು ತಂದು ಪರೀಕ್ಷಿಸಿದ ಸುದ್ದಿ 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಹಲವು ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮಿತಿಗಿಂತ ಹೆಚ್ಚಿದ್ದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಸುದ್ದಿಯನ್ನೇ ಪ್ರಕರಣವಾಗಿ ಎತ್ತಿಕೊಂಡಿತು. ಇದು ಹೊಸ ಸಂಗತಿಯೂ ಅಲ್ಲ. 2006ರಲ್ಲೇ ಲೋಕೇಶ್ವರಿ ಮತ್ತು ಚಂದ್ರಪ್ಪ ಎಂಬ ಇಬ್ಬರು ಸಂಶೋಧಕರು ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹ ಸೇರಿರುವುದನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು.

ಹಾಗೆಂದು ಗಾಬರಿಯಾಗಿ ಸೊಪ್ಪು ತಿನ್ನುವುದನ್ನು ಬಿಡಬೇಡಿ. ಸೊಪ್ಪಿನಿಂದ ಸಿಗುವ ಕಬ್ಬಿಣ, ಸುಣ್ಣದ ಅಂಶ ನಮ್ಮ ಹೆಣ್ಣುಮಕ್ಕಳಿಗೆ ಬೇಕೇ ಬೇಕು. ಕೇಳಬೇಕಾದ ಪ್ರಶ್ನೆ ಬೇರೆ. ಹೊಲದಲ್ಲಿ ಬೆಳೆಯುವ ಸೊಪ್ಪಿಗೆ ಕಾರ್ಖಾನೆಯ ಲೋಹ ಹೇಗೆ ಬಂತು? ಅದನ್ನು ದಾರಿಯಲ್ಲೇ ತಡೆಯುವ ಉಪಾಯ ಇಲ್ಲವೇ?

ಮೊದಲು ದಾರಿಯನ್ನು ನೋಡೋಣ. ನಮ್ಮ ಬೆಂಗಳೂರು ಗುಡ್ಡದ ಬೆನ್ನಿನ ಮೇಲೆ ಕುಳಿತ ಊರು. ಬನಶಂಕರಿ, ಕತ್ರಿಗುಪ್ಪೆಯ ಕಡೆ ಬಿದ್ದ ನೀರು ಪಶ್ಚಿಮಕ್ಕೆ ಇಳಿದು ವೃಷಭಾವತಿಯನ್ನು ಸೇರುತ್ತದೆ. ಬಸವನಗುಡಿಯಲ್ಲಿ ಹುಟ್ಟುವ ಈ ಹೊಳೆ ಮೈಸೂರು ರಸ್ತೆ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಬಿಟಿಎಂ ಕಡೆಯ ನೀರು ಪೂರ್ವಕ್ಕೆ ಹರಿಯುತ್ತದೆ. ಮಡಿವಾಳ ಕೆರೆಯಿಂದ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು. 2015ರಲ್ಲೂ 2017ರಲ್ಲೂ ನೊರೆಗೂ ಬೆಂಕಿಗೂ ಹೆಸರಾದ ಬೆಳ್ಳಂದೂರು ಕೆರೆ ಇದೇ. ಈ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬರಗಾಲದ ಆ ಜಿಲ್ಲೆಗೆ ನೀರು ಬಂದದ್ದು ಸಂತೋಷವೇ. ಆದರೆ ಕೋಲಾರದ ತರಕಾರಿ ಬೆಂಗಳೂರಿಗೇ ಬರುತ್ತದೆ ಎಂಬುದನ್ನು ಮರೆಯಬಾರದು. ನಾವು ಚರಂಡಿಗೆ ಬಿಟ್ಟದ್ದು ಎಂದಾದರೊಂದು ದಿನ ನಮ್ಮ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲಬಹುದು.

‘ಸಂಸ್ಕರಿಸಿದ ನೀರಲ್ಲವೇ, ಭಯವೇಕೆ?’ ಎಂದು ನೀವು ಕೇಳಬಹುದು. ಕೊಳಚೆ ಸಂಸ್ಕರಣಾ ಘಟಕ ಮನೆಯ ಕೊಳೆಗಾಗಿ ಕಟ್ಟಿದ್ದು. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅನ್ನ, ಎಣ್ಣೆ, ಮಲಮೂತ್ರ ಎಲ್ಲವನ್ನೂ ಅವು ತಿಂದು ಕರಗಿಸುತ್ತವೆ. ಲೋಹವನ್ನು ತಿಂದು ಇಲ್ಲವಾಗಿಸಲು ಅವಕ್ಕೂ ಆಗದು. ಯಾವ ಬೆಂಕಿಗೂ ಆಗದು. ಮರ ಕೊಳೆಯುತ್ತದೆ, ಬಟ್ಟೆ ಕೊಳೆಯುತ್ತದೆ, ಮನುಷ್ಯನ ದೇಹವೂ ಮಣ್ಣಾಗುತ್ತದೆ. ಸೀಸ ಮಾತ್ರ ನೂರು ವರ್ಷ ಕಳೆದರೂ ಸೀಸವೇ. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಇಲ್ಲವೇ ಹಿಡಿದಿಡಬಹುದು. ಘಟಕದಲ್ಲಿ ಅದರ ಒಂದು ಪಾಲು ಕೆಸರಿನಲ್ಲಿ ಕುಳಿತುಕೊಳ್ಳುತ್ತದೆ, ಉಳಿದದ್ದು ನೀರಿನೊಂದಿಗೆ ಮುಂದೆ ಹೋಗುತ್ತದೆ. ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕಿದರೆ ಲೋಹವೂ ಹೊಲಕ್ಕೇ ಹೋಯಿತು.

ದೇಹದೊಳಗೆ ಇವು ಮಾಡುವ ಕೆಲಸ ನಿಧಾನವಾದದ್ದು. ಆದ್ದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ. ಸೀಸ ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಚಿಂತೆಯಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ಮೂಳೆಯಲ್ಲಿ ಸೇರಿಕೊಂಡ ಸೀಸ ಬಸುರಿಯಾದಾಗ ಹೊರಬಂದು ಗರ್ಭದ ಶಿಶುವನ್ನೂ ತಲುಪುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಸೇರಿದರೆ ಹತ್ತಾರು ವರ್ಷ ಅಲ್ಲಿಂದ ಕದಲುವುದಿಲ್ಲ.

ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಒಳ್ಳೆಯ ಹೆಸರೂ ಇದೆ. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ತಡೆಯುವ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಇಲ್ಲೇ. ಮರುವರ್ಷ, 2000ದಲ್ಲಿ, ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಬಿಟಿಎಂ ಲೇಔಟಿಗೆ ಸಮೀಪದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ಅಪಾಯವನ್ನು ಜನರಿಗೆ ತಿಳಿಸುವ ಕೆಲಸದಲ್ಲಿ ಮುಂದಾಳಾಗಿದ್ದರು. ಮನಸ್ಸು ಮಾಡಿದರೆ ಒಂದು ವಿಷವನ್ನು ಬಾಗಿಲಲ್ಲೇ ನಿಲ್ಲಿಸಬಹುದು ಎಂಬುದಕ್ಕೆ ಪೆಟ್ರೋಲಿನ ಸೀಸವೇ ಸಾಕ್ಷಿ. ಬಂಕಿನಿಂದ ಹೊರಟ ಸೀಸವನ್ನು ಬೀದಿಬೀದಿಯಲ್ಲಿ ಹುಡುಕಿ ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ.

ಈಗ ಕಾರ್ಖಾನೆಯ ಬಾಗಿಲಿಗೆ ಬರೋಣ. ನಲ್ಲಿ, ಬೀಗ, ಬೈಕಿನ ಬಿಡಿಭಾಗ, ಗಿಲೀಟು ಒಡವೆ, ಇವಕ್ಕೆಲ್ಲ ಹೊಳಪು ಕೊಡುವುದು ಪ್ಲೇಟಿಂಗ್ ಶೆಡ್ಡುಗಳು. ನಿಕ್ಕಲ್, ಕ್ರೋಮಿಯಂ, ಸತು, ತಾಮ್ರ ಕರಗಿಸಿದ ತೊಟ್ಟಿಯಲ್ಲಿ ಸಾಮಾನು ಅದ್ದಿ, ಮೇಲೆತ್ತಿ, ನೀರಿನಲ್ಲಿ ಜಾಲಿಸುತ್ತಾರೆ. ಜಾಲಿಸಿದ ನೀರಿನಲ್ಲಿ ಲೋಹ ಉಳಿಯುತ್ತದೆ. ಕಾನೂನಿನ ಪ್ರಕಾರ ಅದನ್ನು ಹಾಗೆಯೇ ಹೊರಗೆ ಬಿಡುವಂತಿಲ್ಲ. ಸಾಮಾನ್ಯವಾಗಿ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕುತ್ತಾರೆ. ನೀರಿನ ಹುಳಿ ಹೋಗಿ ಕ್ಷಾರವಾದಾಗ ಲೋಹ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಹೆಚ್ಚು ವಿಷಕಾರಿಯಾದ ಕ್ರೋಮಿಯಂ ಆರು ಎಂಬ ರೂಪವಿದ್ದರೆ ಅದನ್ನು ಮೊದಲು ಬೇರೆ ರಾಸಾಯನಿಕದಿಂದ ಕಡಿಮೆ ವಿಷದ ಕ್ರೋಮಿಯಂ ಮೂರು ಎಂಬ ರೂಪಕ್ಕೆ ತರಬೇಕು. ತಳದ ಕೆಸರನ್ನು ಒಣಗಿಸಿ ದಾಬಸ್‌ಪೇಟೆಯ ಬಳಿ ಇರುವ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಅದನ್ನು ಪದರ ಹಾಸಿದ ಗುಂಡಿಯಲ್ಲಿ ಹೂಳುತ್ತಾರೆ.

ಈ ವಿಧಾನ ಕೆಟ್ಟದ್ದಲ್ಲ. ಆದರೆ ಇದಕ್ಕೆ ಎರಡು ಕೊರತೆಗಳಿವೆ. ಒಂದು, ಕಾಸಿಗೆ ಬೆಲೆಬಾಳುವ ಲೋಹವೂ ಮಣ್ಣಿನಲ್ಲಿ ಹೂತುಹೋಗುತ್ತದೆ. ಎರಡು, ನಿಯಮ ಪಾಲಿಸಿ ಬಿಟ್ಟ ನೀರೂ ಪೂರ್ತಿ ಶುದ್ಧವಲ್ಲ. ನಿಕ್ಕಲನ್ನೇ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.02 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಹೊಳೆಗೆ ಬಿಡುವ ತ್ಯಾಜ್ಯನೀರಿನಲ್ಲಿ 3 ಮಿಲಿಗ್ರಾಂ ತನಕ ಅವಕಾಶವಿದೆ. ಅಂದರೆ 150 ಪಟ್ಟು. ಹೊಳೆಯ ಒಳ್ಳೆಯ ನೀರಿನಲ್ಲಿ ಬೆರೆತು ತೆಳುವಾದೀತು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಬೇಸಿಗೆಯ ವೃಷಭಾವತಿಯಲ್ಲಿ ಬೆರೆಯಲು ಒಳ್ಳೆಯ ನೀರು ಎಲ್ಲಿದೆ?

ಇಲ್ಲಿ ನಿಮ್ಮ ಅಡುಗೆಮನೆಯ ಒಂದು ವಸ್ತು ನಮಗೆ ದಾರಿ ತೋರಿಸುತ್ತದೆ. ಕಪ್ಪಾದ ಹಿತ್ತಾಳೆ ಬಿಂದಿಗೆಗೆ, ಹಸಿರು ಕಿಲುಬು ಹಿಡಿದ ತಾಮ್ರದ ಹಂಡೆಗೆ ಏನು ಹಚ್ಚುತ್ತೀರಿ? ಹುಣಸೆಹಣ್ಣು. ಉಜ್ಜಿದ ಕೂಡಲೇ ಪಾತ್ರೆ ಬೆಳ್ಳಗೆ ಹೊಳೆಯುತ್ತದೆ. ಕಿಲುಬು ಎಲ್ಲಿಗೆ ಹೋಯಿತು? ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಕಣವನ್ನು ಎರಡೂ ಕಡೆಯಿಂದ ಹಿಡಿದು ನೀರಿಗೆ ಇಳಿಸಿತು. ನಿಂಬೆಯ ಸಿಟ್ರಿಕ್ ಆಮ್ಲವೂ ಇದೇ ಕೆಲಸ ಮಾಡುತ್ತದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಹುಳಿ ಲೋಹವನ್ನು ಹಿಡಿದು ಊಟದೊಳಗೆ ತರುತ್ತದೆ. ಬೀದಿಗೆ ಬಂದು ಕಲಾಯಿ ಹಾಕುತ್ತಿದ್ದವರು ತವರದ ಪದರದಿಂದ ತಡೆಯುತ್ತಿದ್ದುದೂ ಅದನ್ನೇ.

ಹೀಗೆ ಲೋಹವನ್ನು ಹಿಡಿಯುವ ವಸ್ತುಗಳಿಗೆ ವಿಜ್ಞಾನದಲ್ಲಿ ಕೀಲೇಟ್‌ಕಾರಕ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಬಿಗೆ ಇರುವ ಹೆಸರಿನಿಂದ ಬಂದ ಪದ ಅದು. ಏಡಿ ತನ್ನ ಕೊಂಬುಗಳಿಂದ ಹಿಡಿದ ಹಾಗೆ ಇವು ಲೋಹವನ್ನು ಹಿಡಿಯುತ್ತವೆ. 1935ರಲ್ಲಿ ಜರ್ಮನಿಯ ಫರ್ಡಿನಂಡ್ ಮ್ಯುಂಜ್ ಎಂಬ ವಿಜ್ಞಾನಿ ಸಿಟ್ರಿಕ್ ಆಮ್ಲಕ್ಕೆ ಬದಲಾಗಿ ಇನ್ನೂ ಬಲವಾದ ಏಡಿಯೊಂದನ್ನು ತಯಾರಿಸಿದರು. ಅದರ ಹೆಸರು ಇಡಿಟಿಎ. ಸೀಸದ ವಿಷವೇರಿದ ರೋಗಿಗೆ ಆಸ್ಪತ್ರೆಯಲ್ಲಿ ವೈದ್ಯರು ಇದರ ಒಂದು ರೂಪವನ್ನು ಔಷಧಿಯಾಗಿ ಕೊಡುವುದೂ ಉಂಟು. ಬಟ್ಟೆ, ಕಾಗದ, ಪ್ಲೇಟಿಂಗ್, ಸಾಬೂನು ಎಲ್ಲೆಡೆ ಇದು ಬಳಕೆಗೆ ಬಂತು. ನಿಮ್ಮ ಸ್ನಾನದ ಸಾಬೂನಿನ ಹೊದಿಕೆಯನ್ನು ತಿರುಗಿಸಿ ಓದಿ. ಟೆಟ್ರಾಸೋಡಿಯಂ ಇಡಿಟಿಎ ಎಂಬ ಹೆಸರು ಅಲ್ಲಿ ಸಿಗಬಹುದು.

ಇಷ್ಟು ಉಪಕಾರಿಯಾದ ವಸ್ತುವಿನಲ್ಲಿ ದೋಷವೇನು? ಅದು ಸುಲಭವಾಗಿ ಕೊಳೆಯುವುದಿಲ್ಲ. ತಾನು ಹಿಡಿದ ಲೋಹವನ್ನು ಸುಣ್ಣ ಹಾಕಿದರೂ ಬಿಡುವುದಿಲ್ಲ. ಹೀಗಾಗಿ ತಳಕ್ಕೆ ಕೂರಬೇಕಿದ್ದ ಲೋಹ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಕೊಳಚೆ ಘಟಕವನ್ನೂ ದಾಟುತ್ತದೆ. ಕೆರೆಯನ್ನು ಸೇರಿದ ಮೇಲೆ ತಳದ ಹೂಳಿನಲ್ಲಿ ಸುಮ್ಮನೆ ಮಲಗಿದ್ದ ಲೋಹವನ್ನೂ ಎಬ್ಬಿಸಿ ನೀರಿಗೆ ತರಬಲ್ಲದು. ಕಳ್ಳನನ್ನು ಹಿಡಿಯಲು ಬಂದವನೇ ಕಳ್ಳನ ಜೊತೆ ಊರು ಬಿಟ್ಟ ಕತೆ ಇದು.

ಆದ್ದರಿಂದಲೇ ವಿಜ್ಞಾನಿಗಳು ಈಗ ಲೋಹವನ್ನು ಗಟ್ಟಿಯಾಗಿ ಹಿಡಿಯುವ, ಕೆಲಸ ಮುಗಿದ ಮೇಲೆ ತಾನು ಕೊಳೆತು ಮಣ್ಣಾಗುವ ವಸ್ತುಗಳ ಕಡೆ ತಿರುಗಿದ್ದಾರೆ. ಸಿಟ್ರಿಕ್ ಆಮ್ಲವನ್ನು ಈಗ ನಿಂಬೆಯಿಂದ ಹಿಂಡಬೇಕಿಲ್ಲ. ಕಬ್ಬಿನ ಕಾಕಂಬಿಯ ಮೇಲೆ ಒಂದು ಬಗೆಯ ಕಪ್ಪು ಬೂಷ್ಟು ಬೆಳೆಸಿ ತಯಾರಿಸುತ್ತಾರೆ. ಜಿಎಲ್‌ಡಿಎ ಎಂಬ ಇನ್ನೊಂದನ್ನು ಗ್ಲುಟಮೇಟ್‌ನಿಂದ, ಅಂದರೆ ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರಿನ ಮೂಲವಸ್ತುವಿನಿಂದಲೇ ಮಾಡುತ್ತಾರೆ. ಇಡಿಡಿಎಸ್ ಎಂಬುದನ್ನು ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ತಾವೇ ಉತ್ಪಾದಿಸುತ್ತವೆ. ಒಂದು ರಾಸಾಯನಿಕ ಬೇಗ ಕೊಳೆಯುತ್ತದೆ ಎನ್ನಲು ಅಂತರರಾಷ್ಟ್ರೀಯ ಪರೀಕ್ಷೆಯಿದೆ. ಸೂಕ್ಷ್ಮಜೀವಿಗಳಿರುವ ನೀರಿನಲ್ಲಿ 28 ದಿನ ಇಟ್ಟಾಗ ಸಾಮಾನ್ಯವಾಗಿ ಶೇ. 60ಕ್ಕಿಂತ ಹೆಚ್ಚು ಕೊಳೆಯಬೇಕು. ಮೇಲೆ ಹೇಳಿದ ಮೂರೂ ಈ ಪರೀಕ್ಷೆಯಲ್ಲಿ ಪಾಸಾಗಿವೆ. ಇಡಿಟಿಎ ಪಾಸಾಗುವುದಿಲ್ಲ.

ಸೀಗಡಿಯ ಸಿಪ್ಪೆಯೂ ಈ ಸಾಲಿನಲ್ಲಿದೆ. ಕರಾವಳಿಯಲ್ಲಿ ರಾಶಿಗಟ್ಟಲೆ ಎಸೆಯುವ ಆ ಸಿಪ್ಪೆಯಿಂದ ಕೈಟೋಸಾನ್ ಎಂಬ ವಸ್ತುವನ್ನು ತೆಗೆಯುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದರ ತಯಾರಿಕೆಯ ವಿಧಾನವನ್ನು ರೂಪಿಸಿದೆ. ಕೈಟೋಸಾನ್ ನೀರಿನಲ್ಲಿರುವ ಲೋಹವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ನಮ್ಮ ಅಂಟುವಾಳದ ಕಾಯಿಯ ನೊರೆಯಿಂದ ಲೋಹ ಸೇರಿದ ಮಣ್ಣನ್ನು ತೊಳೆಯುವ ಪ್ರಯೋಗಗಳೂ ನಡೆದಿವೆ.

ಇದನ್ನು ಬಳಸುವ ಕ್ರಮ ಮುಖ್ಯ. ಪ್ಲೇಟಿಂಗ್ ಶೆಡ್ಡಿನ ಕೆಸರನ್ನು ಒಂದು ಮುಚ್ಚಿದ ತೊಟ್ಟಿಗೆ ಹಾಕಿ ಸಿಟ್ರಿಕ್ ಆಮ್ಲ ಅಥವಾ ಜಿಎಲ್‌ಡಿಎ ನೀರಿನೊಂದಿಗೆ ಕಲಕುತ್ತಾರೆ. ಲೋಹ ನೀರಿಗೆ ಇಳಿಯುತ್ತದೆ. ಸೋಸಿದ ಮೇಲೆ ಆ ನೀರಿನಲ್ಲಿ ವಿದ್ಯುತ್ ಹಾಯಿಸಿದರೆ ತಾಮ್ರ, ನಿಕ್ಕಲ್‌ನಂಥ ಲೋಹಗಳು ತಗಡಿನ ಮೇಲೆ ಬಂದು ಕೂರುತ್ತವೆ. ಅದನ್ನು ಮತ್ತೆ ಮಾರಬಹುದು. ಹುಳಿ ನೀರನ್ನು ಇನ್ನೊಂದು ಸಲ ಬಳಸಬಹುದು. ಕೊನೆಗೆ ಲೋಹವೆಲ್ಲ ತೆಗೆದ ಆ ನೀರು ಕೊಳಚೆ ಘಟಕಕ್ಕೆ ಹೋದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಕೊಳೆಯುವ ರಾಸಾಯನಿಕ’ ಎಂಬ ಹೆಸರು ಕೇಳಿ ಎಲ್ಲವೂ ಸುಖವಾಯಿತು ಎಂದುಕೊಳ್ಳಬಾರದು. ಕೊಳೆಯುವುದು ಹಿಡಿದ ಕೈ, ಹಿಡಿಸಿಕೊಂಡ ಲೋಹವಲ್ಲ. ಲೋಹ ತೆಗೆಯುವ ಮೊದಲೇ ಆ ನೀರನ್ನು ಚರಂಡಿಗೆ ಬಿಟ್ಟರೆ ಕೈ ಕೊಳೆತು ಹೋಗುತ್ತದೆ, ಲೋಹ ಮತ್ತೆ ಸ್ವತಂತ್ರವಾಗುತ್ತದೆ. ಹೊಲದ ಮೇಲೆಯೇ ಇದನ್ನು ಸುರಿದರೆ ಲೋಹ ಕೆಳಗಿಳಿದು ಬಾವಿಯ ನೀರನ್ನು ಸೇರಬಹುದು. ಆದ್ದರಿಂದ ತೊಟ್ಟಿಯೊಳಗೆ ಹಿಡಿಯಬೇಕು, ಲೋಹವನ್ನು ಬೇರೆ ತೆಗೆಯಬೇಕು, ಆಮೇಲೆ ನೀರನ್ನು ಬಿಡಬೇಕು. ಈ ಕ್ರಮ ತಪ್ಪಿದರೆ ಒಳ್ಳೆಯ ರಾಸಾಯನಿಕವೂ ಕೆಟ್ಟ ಕೆಲಸವನ್ನೇ ಮಾಡುತ್ತದೆ. ಬೆಲೆಯ ಮಾತೂ ಇದೆ. ಹೊಸ ಕೀಲೇಟ್‌ಕಾರಕಗಳು ಇಡಿಟಿಎಗಿಂತ ದುಬಾರಿ. ಒಂದೊಂದು ಸಣ್ಣ ಶೆಡ್ಡೂ ಇಷ್ಟೆಲ್ಲ ಮಾಡುವುದು ಕಷ್ಟ. ಹತ್ತು ಶೆಡ್ಡುಗಳು ಸೇರಿ ಒಂದು ಘಟಕ ನಡೆಸಿದರೆ, ಸರಕಾರವೂ ಕೈ ಹಿಡಿದರೆ ಸಾಧ್ಯವಾದೀತು.

ಸಹೋದರಿಯರೇ, ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಮನೆಯ ಒಲೆ ಉರಿಯುವುದೇ ಇಂಥ ಕಸುಬುಗಳಿಂದ. ಪ್ಲೇಟಿಂಗ್, ಬ್ಯಾಟರಿ ರಿಪೇರಿ, ಗುಜರಿ, ಹಳೆಯ ಕಂಪ್ಯೂಟರ್ ಬಿಚ್ಚುವ ಕೆಲಸ, ಎಲ್ಲವೂ ಬೆವರಿನ ದುಡಿಮೆ. ಇವರು ಇಲ್ಲದಿದ್ದರೆ ಊರಿನ ಅರ್ಧ ಕಸ ಬೀದಿಯಲ್ಲೇ ಉಳಿಯುತ್ತಿತ್ತು. ಅವರನ್ನು ದೂರಲು ನಾನು ಈ ಲೇಖನ ಬರೆಯುತ್ತಿಲ್ಲ. ವಿಷದ ಮೊದಲ ತುತ್ತು ಹೋಗುವುದು ಅವರಿಗೂ ಅವರ ಮಕ್ಕಳಿಗೂ ಎಂಬುದೇ ನನ್ನ ಚಿಂತೆ. ಹಲಾಲ್ ದುಡಿಮೆ ಮನೆಗೆ ತರಬೇಕಾದದ್ದು ಅನ್ನವನ್ನು, ಸೀಸದ ಧೂಳನ್ನಲ್ಲ.

ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಸೇರಿಸಿ ಒಗೆಯಬೇಡಿ. ಚಪ್ಪಲಿ ಹೊರಗೇ ಇರಲಿ. ಯಜಮಾನರೋ ಮಗನೋ ಬಂದ ಕೂಡಲೇ ಕೈ, ಮುಖ ಚೆನ್ನಾಗಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಹಳೆಯ ಬ್ಯಾಟರಿಯ ತಗಡನ್ನು ಕರಗಿಸುವುದು, ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವುದು ಮನೆಯ ಅಂಗಳದಲ್ಲಿ, ಮಾಳಿಗೆಯ ಮೇಲೆ ಎಂದಿಗೂ ಬೇಡ. ಬೋರ್ಡುಗಳನ್ನು ಬೇರ್ಪಡಿಸುವುದರ ತನಕ ನಿಲ್ಲಿಸಿ, ಮುಂದಿನದನ್ನು ಅಧಿಕೃತ ಮರುಬಳಕೆ ಘಟಕಕ್ಕೆ ಮಾರಿದರೆ ಪ್ರಾಣಕ್ಕೂ ಒಳ್ಳೆಯದು. ಮನೆಯಲ್ಲಿ ಹಚ್ಚುವ ಸುರ್ಮಾದ ಬಗ್ಗೆಯೂ ಎಚ್ಚರವಿರಲಿ. ಪೇಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಸೀಸದ ಅದಿರೇ ಇರುತ್ತದೆ. ಎಳೆಯ ಮಕ್ಕಳ ಕಣ್ಣಿಗೆ ಅದು ಬೇಡ. ಅನುಮಾನವಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ. ಸೀಸ ತೆಗೆಯುವ ಔಷಧಿಯನ್ನು ಮಾತ್ರ ಆಸ್ಪತ್ರೆಯ ಹೊರಗೆ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಶೆಡ್ಡಿನಲ್ಲೂ ಒಂದು ಪುಕ್ಕಟೆ ಉಪಾಯವಿದೆ. ಸಾಮಾನನ್ನು ತೊಟ್ಟಿಯಿಂದ ಎತ್ತಿದ ಕೂಡಲೇ ಜಾಲಿಸುವ ನೀರಿಗೆ ಹಾಕದೆ, ಅರ್ಧ ನಿಮಿಷ ತೊಟ್ಟಿಯ ಮೇಲೆಯೇ ತೊಟ್ಟಿಕ್ಕಲು ಬಿಡಬೇಕು. ನೀವು ಹಪ್ಪಳ ಕರಿದು ಬಾಣಲೆಯ ಮೇಲೆಯೇ ಎಣ್ಣೆ ಇಳಿಸುವುದಿಲ್ಲವೇ, ಹಾಗೆ. ಹೊರಗೆ ಹೋಗುವ ಲೋಹ ಕಡಿಮೆಯಾಗುತ್ತದೆ, ಕೊಂಡು ತಂದ ನಿಕ್ಕಲೂ ಉಳಿಯುತ್ತದೆ. ಒಂದರ ಬದಲು ಎರಡು ಜಾಲಿಸುವ ತೊಟ್ಟಿ ಇಟ್ಟು, ಮೊದಲನೆಯದರ ನೀರನ್ನು ಮತ್ತೆ ಪ್ಲೇಟಿಂಗ್ ತೊಟ್ಟಿಗೇ ಸೇರಿಸುವವರೂ ಇದ್ದಾರೆ. ಚರಂಡಿ ಸೇರದ ಲೋಹವನ್ನು ಹಿಡಿಯಲು ಯಾವ ರಾಸಾಯನಿಕವೂ ಬೇಕಿಲ್ಲ.

ಮುಂದಿನ ಸಲ ಹಿತ್ತಾಳೆ ಬಿಂದಿಗೆಗೆ ಹುಣಸೆ ಹಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಿಲುಬು ಎಲ್ಲಿಗೆ ಹೋಯಿತು ಎಂದು ಅವರನ್ನೇ ಕೇಳಿ. ‘ನೀರಿಗೆ’ ಎನ್ನುತ್ತಾರೆ. ನೀರು ಎಲ್ಲಿಗೆ ಹೋಯಿತು ಎಂದು ಮತ್ತೆ ಕೇಳಿ. ಮನೆಯಲ್ಲಿ ಈ ಪ್ರಶ್ನೆ ಕೇಳಿ ಬೆಳೆದ ಹುಡುಗ ನಾಳೆ ಶೆಡ್ಡಿನ ಯಜಮಾನನಾದರೂ, ಎಂಜಿನಿಯರ್ ಆದರೂ, ಅಧಿಕಾರಿಯಾದರೂ ಅದನ್ನು ಮರೆಯಲಾರ. ಹುಡುಗಿಯಂತೂ ಮರೆಯುವುದೇ ಇಲ್ಲ.